ಅವ್ವ ಅಳಿಸಿದ ಹೆಸರುಗಳು

ಮೊಮ್ಮಗಳ ಪೆನ್ಸಿಲ್ ಡಬ್ಬಿ ತೆರೆದರೆ ಸಾಕು, ಹೊಸ ರಬ್ಬರಿನ ವಾಸನೆ ನನ್ನನ್ನು ಹುಲ್ಲಹಳ್ಳಿಯ ನಮ್ಮ ಹಳೇ ಮನೆಗೆ ಕರೆದುಕೊಂಡು ಹೋಗಿಬಿಡುತ್ತದೆ. ಆ ಮನೆಯ ಮುಂದಿನ ಕೋಣೆಯೇ ಊರಿನ ವಾಚನಾಲಯ. ಅದನ್ನು ನೋಡಿಕೊಳ್ಳುತ್ತಿದ್ದವಳು ನನ್ನವ್ವ. ಎರಡು ಕಪಾಟು, ಒಂದು ಬೆಂಚು, ಹರಿದ ರಟ್ಟಿಗೆ ಹಚ್ಚಲು ಕಾಯಿಸಿದ ಮೈದಾ ಅಂಟಿನ ಹುಳಿ ವಾಸನೆ, ಒಳಗಿನಿಂದ ತೇಲಿ ಬರುವ ಹುರುಳಿ ಬಸ್ಸಾರಿನ ಘಮ. ಸಂಜೆ ಗದ್ದೆ ಕೆಲಸ ಮುಗಿಸಿ ಬಂದವರು ನಾಲೆಯಲ್ಲಿ ತೊಳೆದ ಕೈಯನ್ನು ಇನ್ನೊಮ್ಮೆ ಪಂಚೆಗೆ ಒರೆಸಿಕೊಂಡೇ ಪುಸ್ತಕ ಮುಟ್ಟುತ್ತಿದ್ದರು. ನಿಮ್ಮೂರಿನಲ್ಲೂ ಅಂಥದೊಂದು ಕೋಣೆ ಇದ್ದಿರಬಹುದು. ನಮ್ಮದು ಈಗಿಲ್ಲ, ಅವ್ವನೂ ಇಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಆ ಕೋಣೆಗೆ ಸಾಕಕ್ಕ ಬರುತ್ತಿದ್ದಳು. ಗಂಡ ಸತ್ತ ಮೇಲೆ ಭಾವನ ಮನೆಯಲ್ಲಿ ಹೊತ್ತಾರೆಯಿಂದ ರಾತ್ರಿವರೆಗೆ ದುಡಿಯುತ್ತಿದ್ದವಳು. ಒಂದು ದಿನ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಯ್ದಳು. ಅವ್ವ ಎಂದಿನಂತೆ ರಿಜಿಸ್ಟರಿನಲ್ಲಿ ಮಸಿಯಿಂದ ಬರೆದುಕೊಂಡಳು. ಎರಡು ದಿನ ಕಳೆದು, ಅವ್ವ ನೀರಿಗೆ ಹೋಗಿದ್ದಾಗ ಆ ಭಾವ ಬಂದ. “ಏನವ್ವಾ, ನಮ್ಮನೆ ಸಾಕಿ ಯಾವ್ದೋ ಪುಸ್ಕ ತಕ್ಕೊಂಡೋಗವ್ಳಂತೆ. ಒಸಿ ನೋಡಿ ಏಳು. ನಿಂಗೆ ಓದಕ್ಕೆ ಬತ್ತದಾ?” ಬರುವುದಿಲ್ಲವೇ ಮತ್ತೆ! ನನಗಾಗ ಎಂಟು ವರ್ಷ, ಇಡೀ ತರಗತಿಯಲ್ಲಿ ನನ್ನಷ್ಟು ಸರಾಗವಾಗಿ ಓದುವವರಿರಲಿಲ್ಲ. ರಿಜಿಸ್ಟರಿನ ಆ ಸಾಲಿಗೆ ಬೆರಳಿಟ್ಟು, ಗಟ್ಟಿಯಾಗಿ, ಒಂದಕ್ಷರ ಬಿಡದೆ ಓದಿದೆ. ಆತ “ಭೇಷ್” ಎಂದು ಪೆಪ್ಪರ್‌ಮಿಂಟು ಕೊಟ್ಟ. ನಾನು ಚೀಪಿಕೊಂಡು ತಿಂದೆ. ಥೂ, ಈಗಲೂ ಪೆಪ್ಪರ್‌ಮಿಂಟು ಬಾಯಿಗೆ ಹಾಕಲಾರೆ. ಮಾರನೆಯ ಬೆಳಿಗ್ಗೆ ಸಾಕಕ್ಕನನ್ನು ಒಂದು ಟ್ರಂಕಿನ ಸಮೇತ ಬಿಳಿಗೆರೆಯ ತವರಿಗೆ ಬಸ್ಸು ಹತ್ತಿಸಿದರು. ಊರು ನಿಂತು ನೋಡಿತು. ಓದಿದ್ದಕ್ಕೆ ಮನೆ ಬಿಡಿಸುವುದೆಂದರೆ ಏನ್ರೀ? ಒಬ್ಬರಾದರೂ ಕೇಳಲಿಲ್ಲ. ವಾರದ ಮೇಲೆ ಬಸ್ಸಿನ ಕಂಡಕ್ಟರ್ ಪೇಪರಿನಲ್ಲಿ ಸುತ್ತಿದ ಪುಸ್ತಕ ತಂದುಕೊಟ್ಟರು. ಅರ್ಧದಲ್ಲಿ ಒಂದು ಪುಟದ ಮೂಲೆ ಮಡಿಸಿತ್ತು. ಅವ್ವ ಅದನ್ನು ಬಿಡಿಸಲಿಲ್ಲ.

ನನಗೆ ಹೊಡೆಯಲೂ ಇಲ್ಲ. “ಅದು ಅವ್ಳ ಓದು ಕಣೇ. ಇನ್ನೊಬ್ರಿಗೆ ಏಳಕ್ಕೆ ನಾವ್ಯಾರು?” ಎಂದಳು, ಅಷ್ಟೆ. ಅಂದಿನಿಂದ ರಿಜಿಸ್ಟರಿಗೆ ಪೆನ್ಸಿಲು ಬಂತು. ಪುಸ್ತಕ ಮರಳಿ ಬಂದ ಕೂಡಲೇ ಅವ್ವ ಒಯ್ದವರ ಹೆಸರನ್ನು ರಬ್ಬರಿನಿಂದ ತಿಕ್ಕಿ ತಿಕ್ಕಿ ಅಳಿಸಿಬಿಡುತ್ತಿದ್ದಳು. ಪುಡಿಯನ್ನು ಊದುವುದು ನನ್ನ ಕೆಲಸ. ಗ್ರಂಥಾಲಯ ಇಲಾಖೆಯಿಂದ ತನಿಖೆಗೆ ಬಂದ ಸಾಹೇಬರು ಆ ಹಾಳೆಗಳನ್ನು ಕಂಡು ಕೆಂಡವಾದರು. ಅವ್ವ ಜಗ್ಗಲಿಲ್ಲ. “ಪುಸ್ತಕ ಎಲ್ಲಾ ಕಪಾಟಲ್ಲವೆ, ಎಣಿಸ್ಕೊಳಿ ಸಾ. ಓದ್ದೋರ ಎಸರು ನಿಮ್ಗ್ಯಾಕೆ?” ಮೆಮೋ ಬಂತು. ಅದನ್ನು ಮಡಿಸಿ ಅಲುಗುವ ಬೆಂಚಿನ ಕಾಲಡಿಗೆ ಇಟ್ಟಳು.

ಇದೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವಾರ ನಂಜನಗೂಡಿನಲ್ಲಿ ಹೊಸದಾಗಿ ತೆರೆದ ಒಂದು ಖಾಸಗಿ ವಾಚನಾಲಯಕ್ಕೆ ಹೋಗಿದ್ದೆ. ನನ್ನ ಮುಂದೆ ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ಹಿಡಿದು ನಿಂತಿದ್ದಳು. ಬಸುರು, ಬಾಣಂತನ, ಹೆಣ್ಣಿನ ಮೈಯ ಆರೋಗ್ಯದ ಪುಸ್ತಕ. ಕಂಪ್ಯೂಟರ್ ಮುಂದಿದ್ದವನು, “ನಿಮ್ ಅಪ್ಪಾಜಿ ನಂಬರ್ ಐತೆ, ಪುಸ್ತಕದ ಎಸರು ಅವ್ರಿಗೆ ಮೆಸೇಜ್ ಓಯ್ತದೆ” ಎಂದ. ಅವಳ ಮುಖ ಇಳಿದುಹೋಯಿತು. “ಬ್ಯಾಡ ಬುಡಿ ಅಣ್ಣ” ಎಂದು ಪುಸ್ತಕ ಮೇಜಿನ ಮೇಲಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. “ಓದೋದು ಅವಳು, ಅವರಪ್ಪನಿಗೆ ಯಾಕ್ರೀ ವರದಿ? ಅಳಿಸಿ ಆ ನಂಬರು!” ಎಂದೆ. “ಸಿಸ್ಟಮ್ ಕಣಮ್ಮ, ನಾವೇನ್ ಮಾಡಕಾಯ್ತದೆ? ಒಂದ್ಸಲ ಏರಿದ್ರೆ ಅಳಿಸಕ್ಕೆ ಬರಕಿಲ್ಲ” ಎಂದು ಅವನು ನಕ್ಕ. ಅಂದು ಅದಕ್ಕೆ ಎಂಟು ವರ್ಷದ ಒಬ್ಬ ಪೆದ್ದಿ ಬೇಕಾಗಿತ್ತು. ಈಗ ಅವಳೂ ಬೇಕಿಲ್ಲ. ಯಾರೂ ಬಂದು ಕೇಳುವ ಮೊದಲೇ ಯಂತ್ರ ತಾನಾಗಿ ಓದಿ ಹೇಳುತ್ತದೆ.

“ಹಾಗಾದರೆ ಆ ಪುಸ್ತಕಾನ ನನ್ನ ಹೆಸರಿಗೆ ಹಾಕಿ” ಎಂದೆ. ಈ ವಯಸ್ಸಿನಲ್ಲಿ ಇವರಿಗೇಕೆ ಬಾಣಂತನದ ಪುಸ್ತಕ ಎಂಬಂತೆ ಅವನು ನೋಡಿದ. ನೋಡಲಿ. ಬ್ಯಾಗಿನಲ್ಲಿ ಫೋನು ಸದ್ದು ಮಾಡಿತು. ಪುಸ್ತಕದ ಹೆಸರು ನನಗೇ ಬಂದಿತ್ತು. ಹೊರಗೆ ಬೇವಿನ ಮರದಡಿ ನಿಂತಿದ್ದ ಆ ಹುಡುಗಿಯ ಕೈಗೆ ಪುಸ್ತಕ ಕೊಟ್ಟೆ. ಅವಳು ಥಟ್ಟನೆ ಅದನ್ನು ದುಪಟ್ಟದೊಳಗೆ ಮುಚ್ಚಿಕೊಂಡಳು. ಥೇಟ್ ಸಾಕಕ್ಕನ ಹಾಗೆ. ನನ್ನ ಕಣ್ಣು ತುಂಬಿಬಂತು.

“ಯಾವಾಗ ತಂದ್ಕೊಡ್ಲಿ ಅಜ್ಜಿ?” ಎಂದು ಕೇಳಿದಳು.

“ಅವಸರ ಇಲ್ಲ ಕಣವ್ವ. ಪೂರ್ತಿ ಓದು.”