ಇನ್ನೂ ಕಟ್ಟದ ಸಭಾಂಗಣ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ನನ್ನ ಕೆಲಸವೇ ಅಂಥದ್ದು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಜರ್ಮನಿಯ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಸಂಭವನೀಯತೆಯ ಪಾಠ ಮಾಡಿಕೊಂಡಿರುವವಳು. ನಮ್ಮ ಅತ್ತೆಯವರು ಫೋನಿನಲ್ಲಿ, "ಕನಸಲ್ಲಿ ನಿಮ್ಮ ಮಾವ ಬಂದಿದ್ರಮ್ಮ, ಬೆಳಿಗ್ಗೆ ಎದ್ರೆ ನಲ್ಲಿ ಒಡೆದುಹೋಗಿತ್ತು" ಎಂದರೆ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಷ್ಟೇ ಎಂದು ಅವರಿಗೂ ಪಾಠ ಹೇಳುತ್ತಿದ್ದೆ. ಟೊಂಗೆ ಮುರಿಯದೇ ಇದ್ದಾಗಲೆಲ್ಲ ಕೂತ ಕಾಗೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎನ್ನುವುದು ನನ್ನ ಮೆಚ್ಚಿನ ಮಾತು. ಈಗಲೂ ತರಗತಿಯಲ್ಲಿ ಅದನ್ನು ಹೇಳುತ್ತೇನೆ. ಆದರೆ ಆ ಹಳೆಯ ಧೈರ್ಯ ದನಿಯಲ್ಲಿಲ್ಲ.

ನಮ್ಮ ವಿಶ್ವವಿದ್ಯಾಲಯ ಮೊದಲು ನದಿಯ ಪಕ್ಕದ ಹಳೆಯ ಪೇಟೆಯಲ್ಲಿತ್ತು. ಅಲ್ಲಿ ಎರಡು ಮನೆಗೊಂದರಂತೆ ಗೋಡೆಯ ಮೇಲೆ ಕಲ್ಲಿನ ಫಲಕ ಇದೆ, ಇಂಥ ವಿದ್ವಾಂಸರು ಇಲ್ಲಿ ವಾಸವಾಗಿದ್ದರು ಅಂತ. ಖಗೋಳದವರು, ವ್ಯಾಕರಣದವರು, ಕಪ್ಪೆ ಕೊಯ್ದವರು, ಎಲ್ಲರೂ. ನಾವು ಬಾಡಿಗೆಗಿದ್ದ ಮನೆಯ ಗೋಡೆಯಲ್ಲಿ ಮಾತ್ರ ಕರೆಂಟಿನ ಮೀಟರು ಬಿಟ್ಟು ಏನೂ ಇರಲಿಲ್ಲ. ಪೇಟೆಯಲ್ಲಿ ಜಾಗ ಸಾಲದಾದಾಗ, ನಾನು ಹುಟ್ಟುವುದಕ್ಕೂ ಮುಂಚೆ, ಗುಡ್ಡದ ಮೇಲೆ ನಕ್ಷೆ ಹಾಕಿ ಹೊಸದೊಂದು ವಿದ್ಯಾನಗರವನ್ನೇ ಕಟ್ಟಿದರು. ಕಾರು, ಬಸ್ಸುಗಳೆಲ್ಲ ಕೆಳ ಅಂತಸ್ತಿನಲ್ಲಿ ಓಡಾಡಬೇಕು, ಮನುಷ್ಯರು ಅದರ ಮೇಲಿನ ಕಾಂಕ್ರೀಟ್ ಚಪ್ಪರದ ಮೇಲೆ ನಡೆಯಬೇಕು. ತರಗತಿ, ಅಂಗಡಿ, ಮನೆ, ಮಕ್ಕಳ ಕಿಂಡರ್‌ಗಾರ್ಟನ್ ಎಲ್ಲ ಮೇಲೆಯೇ. ದಾರಿಗಳೆಲ್ಲ ನೇರ. ನಟ್ಟನಡುವೆ ಒಂದು ದೊಡ್ಡ ಹುಲ್ಲುಹಾಸು. ಅಲ್ಲಿ ದಾರಿ ತಪ್ಪಬೇಕೆಂದರೂ ತಪ್ಪಲಾಗುವುದಿಲ್ಲ ಎಂದು ನಾವು ಹೊಸಬರಿಗೆ ಹೇಳುವುದುಂಟು.

ಇಲ್ಲಿನ ಒಂದು ಪದ್ಧತಿಯನ್ನೂ ಹೇಳಿಬಿಡಬೇಕು. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ. ಬೆರಳ ಗೆಣ್ಣುಗಳಿಂದ ಮುಂದಿನ ಡೆಸ್ಕನ್ನು ಟಕಟಕ ಕುಟ್ಟುತ್ತಾರೆ. ನನ್ನ ಮೊದಲ ಪಾಠದ ಕೊನೆಗೆ ನೂರಾರು ಕೈಗಳು ಹಾಗೆ ಕುಟ್ಟಿದಾಗ ನನಗೆ ಜೀವ ಬಾಯಿಗೆ ಬಂದಿತ್ತು. ನಮ್ಮ ಮೈಸೂರಿನ ಕಾಲೇಜಿನಲ್ಲಿ ಡೆಸ್ಕು ಕುಟ್ಟಿದರೆಂದರೆ ಮೇಷ್ಟ್ರು ಗಂಟುಮೂಟೆ ಕಟ್ಟಬೇಕು ಎಂದೇ ಅರ್ಥ. ಅದು ಮೆಚ್ಚುಗೆ ಎಂದು ಆಮೇಲೆ ತಿಳಿಯಿತು. ಆ ಸದ್ದು ಎಷ್ಟು ಅಭ್ಯಾಸವಾಗಿದೆಯೆಂದರೆ ಯಾವ ಕೋಣೆಯದ್ದು ಎಂದು ಕಣ್ಣುಮುಚ್ಚಿ ಹೇಳಬಲ್ಲೆ.

ಇದು ನಡೆದು ಹನ್ನೆರಡು ವರ್ಷವಾಯಿತು. ನನ್ನ ಮಗಳು ಅನಘಾಗೆ ಆಗ ಐದು ವರ್ಷ. ನವೆಂಬರ್ ತಿಂಗಳು. ಇಲ್ಲಿ ಆ ತಿಂಗಳಲ್ಲಿ ಮಕ್ಕಳು ತಾವೇ ಅಂಟಿಸಿದ ಕಾಗದದ ಲಾಟೀನು ಹಿಡಿದು, ಸಂಜೆ ಕತ್ತಲಾಗುವ ಹೊತ್ತಿಗೆ ಹಾಡಿಕೊಂಡು ಮೆರವಣಿಗೆ ಹೋಗುತ್ತಾರೆ. ಅವಳದ್ದು ಹಳದಿ ಲಾಟೀನು, ಒಳಗೆ ಪುಟ್ಟ ಬ್ಯಾಟರಿ ದೀಪ. ಅಂದು ಮಧ್ಯಾಹ್ನದಿಂದಲೇ ಗುಡ್ಡಕ್ಕೆ ಮಂಜು ಕವಿದಿತ್ತು, ಸೋನೆಯೂ ಹಿಡಿದಿತ್ತು. ಅರ್ಧ ದಾರಿಯಲ್ಲೇ ಮಕ್ಕಳ ಲಾಟೀನುಗಳು ನೆನೆದು ಮುದ್ದೆಯಾಗಿ, ಒಂದಿಬ್ಬರು ಅಳುವುದಕ್ಕೂ ಶುರುಮಾಡಿದ್ದರು.

ನಾನು ಸಹೋದ್ಯೋಗಿಯೊಬ್ಬಳ ಜೊತೆ ಮಾತಿಗೆ ನಿಂತೆ. ಅನಘಾ ಮುಂದೆ ಅಪ್ಪನ ಜೊತೆ ಇದ್ದಾಳೆ ಎಂದುಕೊಂಡೆ. ನನ್ನ ಗಂಡ ರಾಘು, ಅವಳು ಹಿಂದೆ ಅಮ್ಮನ ಜೊತೆ ಇದ್ದಾಳೆ ಎಂದುಕೊಂಡಿದ್ದ. ಗ್ರಂಥಾಲಯದ ಮೆಟ್ಟಿಲ ಹತ್ತಿರ ನಾವಿಬ್ಬರೂ ಎದುರಾದೆವು.

"ಪುಟ್ಟಿ ಎಲ್ಲಿ?" ಎಂದ.

"ನಿನ್ ಜೊತೆ ಇಲ್ವಾ?"

ಅವನ ಮುಖ ನೋಡಿದೆ. 

ಮೊದಲು ಹೆದರಿದ್ದು ಚಪ್ಪರದ ಅಂಚಿನ ಮೆಟ್ಟಿಲುಗಳಿಗೆ. ಅವು ನೇರವಾಗಿ ಕೆಳಗಿನ ಬಸ್ಸಿನ ರಸ್ತೆಗೆ ಇಳಿಯುತ್ತವೆ. ಕಿಂಡರ್‌ಗಾರ್ಟನ್ನಿನವರು ಆ ಕಡೆಗೆ ಓಡಿದರು, ಯಾರೋ ಪೊಲೀಸರಿಗೆ ಫೋನು ಮಾಡಿದರು. ನಾವಿಬ್ಬರು ಹೆಸರು ಕೂಗುತ್ತ ನಡುವಿನ ದಾರಿಯಲ್ಲಿ ಓಡಿದೆವು. ಹತ್ತು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಎಷ್ಟು ಹೊತ್ತು ಹುಡುಕಿದೆವೋ ಗೊತ್ತಿಲ್ಲ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಚಾಮುಂಡಿಗೆ ಹರಕೆ ಹೊತ್ತೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಆಗ ಆ ಸದ್ದು ಕೇಳಿತು. ಟಕಟಕ ಎಂದು ಒಂದೆರಡು ಕೈ ಶುರುಮಾಡಿ, ನೂರಾರು ಕೈ ಸೇರಿಕೊಂಡು, ಒಂದು ದೊಡ್ಡ ಸಭಾಂಗಣ ತುಂಬ ಜನ ಡೆಸ್ಕು ಕುಟ್ಟುವ ಸದ್ದು. ಹಳೆಯ ಮರದ ಮೊಂಡು ಸದ್ದಲ್ಲ, ಹೊಸ ಮರದ್ದು, ಎತ್ತರದ ಸೂರಿನ ಕೆಳಗಿನದ್ದು. ನನಗೆ ಗೊತ್ತಿದ್ದ ಯಾವ ಕೋಣೆಯದ್ದೂ ಅಲ್ಲ. ಅದು ಹುಲ್ಲುಹಾಸಿನ ಕಡೆಯಿಂದ ಬರುತ್ತಿತ್ತು.

"ಕೇಳಿಸ್ತಾ?" ಎಂದೆ.

"ಏನು?" ಎಂದ ರಾಘು. ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ.

ನಾನು ಸದ್ದಿನ ಕಡೆಗೆ ಓಡಿದೆ. ಬೂಟಿನ ಕೆಳಗೆ ಹುಲ್ಲು ಸಿಕ್ಕಿದ ಕೂಡಲೇ ಸದ್ದು ನಿಂತಿತು. ಮಂಜಿನ ನಡುವೆ ಹಳದಿ ಬೆಳಕೊಂದು ಕಾಣಿಸಿತು. ಅನಘಾ ಹುಲ್ಲುಹಾಸಿನ ಮಧ್ಯೆ ಕಾಲು ಚಾಚಿ ಕೂತಿದ್ದಳು. ಅಳುತ್ತಿರಲಿಲ್ಲ. ಎತ್ತಿ ಎದೆಗವಚಿಕೊಂಡೆ. ಎತ್ತಿಕೊಂಡ ಮೇಲೆಯೇ ಗೊತ್ತಾದದ್ದು, ಮಗು ಬೆಚ್ಚಗಿತ್ತು. ಅವಳ ಕೋಟು ಒಣಗಿತ್ತು. ಕೂದಲು ಒಣಗಿತ್ತು. ಎಲ್ಲ ಮಕ್ಕಳ ಕೈಯಲ್ಲೂ ಮುದ್ದೆಯಾಗಿದ್ದ ಆ ಕಾಗದದ ಲಾಟೀನು ಅವಳ ಕೈಯಲ್ಲಿ ಗರಿಗರಿಯಾಗಿ ಇತ್ತು.

"ಎಲ್ಲಿ ಹೋಗಿದ್ದೆ ಕಂದಾ? ಅಮ್ಮನ್ನ ಬಿಟ್ಟು ಹೀಗೆ ಬರ್ತಾರಾ?" ಎಂದು ಅಳುತ್ತ ಕೇಳಿದೆ.

"ನೀನು ಇಲ್ಲೇ ಇದ್ಯಲ್ಲಮ್ಮ" ಎಂದಳು, ಜರ್ಮನ್ನಿನಲ್ಲಿ. ನಾನೇ ತಪ್ಪು ಮಾತಾಡುತ್ತಿದ್ದೇನೆ ಎನ್ನುವ ಹಾಗೆ.

ಆ ರಾತ್ರಿ ಅನ್ನ ಮೊಸರು ಕಲಸಿ ತಿನ್ನಿಸುವಾಗ ಮಿಕ್ಕದ್ದನ್ನು ಹೇಳಿದಳು. ಅದೊಂದು ದೊಡ್ಡ ಮನೆಯಂತೆ. ಬೆಂಚುಗಳು ಮೆಟ್ಟಿಲಿನ ಹಾಗೆ ಕೆಳಗೆ ಇಳಿಯುತ್ತವಂತೆ. ತುಂಬ ಜನರಂತೆ. ಕೆಳಗೆ ನಾನು ನಿಂತು ಮಾತಾಡುತ್ತಿದ್ದೆನಂತೆ, ನನ್ನ ಕೂದಲೆಲ್ಲ ಅಜ್ಜಿಯ ಕೂದಲಿನ ಹಾಗೆ ಬೆಳ್ಳಗಿತ್ತಂತೆ. ಆಮೇಲೆ ಎಲ್ಲರೂ ಹೀಗೆ ಮಾಡಿದರು ಎಂದು ತನ್ನ ಪುಟ್ಟ ಮುಷ್ಟಿಯ ಗೆಣ್ಣುಗಳಿಂದ ಊಟದ ಮೇಜನ್ನು ಕುಟ್ಟಿ ತೋರಿಸಿದಳು. ಅವಳನ್ನು ನಾವು ಯಾವ ಪಾಠಕ್ಕೂ ಕರೆದೊಯ್ದಿರಲಿಲ್ಲ.

"ಮತ್ತೆ ನಾನೆಲ್ಲಿದ್ದೆ?" ಎಂದು ರಾಘು ತಮಾಷೆಗೆ ಕೇಳಿದ.

"ಮುಂದಿನ ಬೆಂಚಲ್ಲಿ ಅಪ್ಪನ ಮಫ್ಲರ್ ಇತ್ತು" ಎಂದಳು. "ಅಪ್ಪ ಇರ್ಲಿಲ್ಲ. ಅಮ್ಮ ಅದನ್ನೇ ನೋಡ್ತಾ ಇದ್ಲು."

ರಾಘು ಜೋರಾಗಿ ನಕ್ಕ. "ಟಾಯ್ಲೆಟ್‌ಗೆ ಹೋಗಿರ್ತೀನಿ ಕಣೇ. ನಿನ್ನ ಲೆಕ್ಚರ್ ಅಂದ್ರೆ ಇನ್ನೇನ್ ಮಾಡ್ಲಿ?" ಎಂದ. ನಾನೂ ನಕ್ಕೆ. ಮಗು ಯಾವುದೋ ಕಟ್ಟಡದ ಸೂರಿನಡಿ ನಿಂತಿದ್ದು ಆಮೇಲೆ ಹುಲ್ಲಿಗೆ ಬಂದಿರಬೇಕು, ಡೆಸ್ಕು ಕುಟ್ಟುವುದನ್ನು ಬೇರೆ ಮಕ್ಕಳಿಂದ ಕಲಿತಿರಬೇಕು, ಗಾಬರಿಯಲ್ಲಿ ನನ್ನ ಕಿವಿಯೇ ಗುಂಯ್‌ಗುಟ್ಟಿರಬೇಕು ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ನಂಬಬಹುದಾದದ್ದೇ. ಎಲ್ಲ ಒಟ್ಟಿಗೆ ಎಂದಾಗಲೇ ನನ್ನ ಲೆಕ್ಕ ಕೈಕೊಡುತ್ತಿತ್ತು.

ಕೆಲವು ದಿನಗಳಾದ ಮೇಲೆ ಇದನ್ನು ಫ್ರಾವ್ ಲಿಂಡ್ನರ್ ಅವರಿಗೆ ಹೇಳಿದೆ. ನಿವೃತ್ತ ಗಣಿತ ಪ್ರಾಧ್ಯಾಪಕಿ, ನನ್ನನ್ನು ಈ ಊರಿಗೆ ಕರೆಸಿಕೊಂಡವರು. ಅವರು ನಗಲಿಲ್ಲ. ಆಡಳಿತ ಕಟ್ಟಡದ ಮೊಗಸಾಲೆಗೆ ಕರೆದುಕೊಂಡು ಹೋಗಿ, ಗಾಜಿನ ಪೆಟ್ಟಿಗೆಯಲ್ಲಿ ದೂಳು ಹಿಡಿದಿದ್ದ ವಿದ್ಯಾನಗರದ ಮರದ ಮಾದರಿಯನ್ನು ತೋರಿಸಿದರು. ಹುಲ್ಲುಹಾಸು ಇರಬೇಕಾದ ಜಾಗದಲ್ಲಿ ಒಂದು ಭಾರೀ ಸಭಾಂಗಣ ಇತ್ತು. ಹಳೆಯ ಪೇಟೆ ಬಿಟ್ಟು ಬರಲೊಪ್ಪದ ಹಿರಿಯ ಪ್ರಾಧ್ಯಾಪಕರನ್ನು ಅದರ ಆಸೆ ತೋರಿಸಿಯೇ ಗುಡ್ಡ ಹತ್ತಿಸಿದ್ದಂತೆ. ಆಮೇಲೆ ಸರ್ಕಾರ ಬದಲಾಯಿತು, ಸಭಾಂಗಣ ಮಾದರಿಯಲ್ಲೇ ಉಳಿಯಿತು. ನನ್ನ ಮುಖ ಬಿಳಿಚಿಕೊಂಡದ್ದನ್ನು ನೋಡಿ ಅವರು ಭುಜ ತಟ್ಟಿ, ಇನ್ನು ಅದನ್ನು ಯಾರೂ ಕಟ್ಟುವುದಿಲ್ಲ ಮಗೂ, ನೀನು ನಿಶ್ಚಿಂತೆಯಿಂದಿರು ಎಂದರು.

ಆ ಮಾತನ್ನು ನೆಚ್ಚಿಕೊಂಡು ನಾನು ಇಷ್ಟು ವರ್ಷ ಇದ್ದೆ. ಫ್ರಾವ್ ಲಿಂಡ್ನರ್ ತೀರಿಕೊಂಡರು. ಅನಘಾಗೆ ಈಗ ಹದಿನೇಳು, ಅವಳಿಗೆ ಆ ಸಂಜೆಯ ಒಂದು ಚೂರೂ ನೆನಪಿಲ್ಲ. ಕೇಳಿದರೆ "ಅಮ್ಮಾ, ಪ್ಲೀಸ್" ಎಂದು ಕಣ್ಣು ತಿರುಗಿಸುತ್ತಾಳೆ. ನನ್ನ ತಲೆ ಬೇಗ ನರೆಯಿತು, ನಮ್ಮ ಅಮ್ಮನ ಕಡೆಯವರಿಗೆಲ್ಲ ಹಾಗೇ. ತಿಂಗಳಿಗೊಮ್ಮೆ ತಪ್ಪದೆ ಬಣ್ಣ ಹಚ್ಚುತ್ತೇನೆ. ಸ್ನೇಹಿತೆಯರು ನನಗೆ ಸೌಂದರ್ಯದ ಹುಚ್ಚು ಎನ್ನುತ್ತಾರೆ. ಅಂದುಕೊಳ್ಳಲಿ.

ಹೋದ ವರ್ಷ ಹಳೆಯ ಪೇಟೆಯಲ್ಲಿ ನಾವು ಇನ್ನೂ ಬಳಸುತ್ತಿದ್ದ ದೊಡ್ಡ ಸಭಾಂಗಣದ ಗೋಡೆ ಬಿರುಕು ಬಿಟ್ಟು ಅದಕ್ಕೆ ಬೀಗ ಹಾಕಿದರು. ಹೊಸದನ್ನು ಗುಡ್ಡದ ಮೇಲೆಯೇ ಕಟ್ಟುತ್ತಿದ್ದಾರೆ. ಹುಲ್ಲುಹಾಸಿನ ಮೇಲೆ ಈಗ ಕ್ರೇನು ನಿಂತಿದೆ, ಮೆಟ್ಟಿಲಿನ ಹಾಗೆ ಇಳಿಯುವ ಸಾಲುಗಳು ನಡುವಿನ ದಾರಿಯಿಂದಲೇ ಕಾಣುತ್ತವೆ. ಮೊನ್ನೆ ನಮ್ಮ ಡೀನ್ ನನ್ನನ್ನು ಕರೆದು, ಅದರಲ್ಲಿ ಮೊದಲ ಉಪನ್ಯಾಸ ನಾನೇ ಕೊಡಬೇಕೆಂದು ಎಲ್ಲರ ಆಸೆ ಎಂದರು. ಹೊರಗಿನಿಂದ ಬಂದವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಎಂದು ನನಗೆ ಗೊತ್ತು. ಯೋಚಿಸಿ ಹೇಳುತ್ತೇನೆ ಎಂದು ಬಂದಿದ್ದೇನೆ.

"ಯೋಚ್ನೆ ಮಾಡೋಕೆ ಏನಿದೆ ಅದ್ರಲ್ಲಿ? ಹೂಂ ಅನ್ನು" ಎಂದು ರಾಘು ದಿನವೂ ಹೇಳುತ್ತಾನೆ. "ಮುಂದಿನ ಬೆಂಚಲ್ಲೇ ಕೂತ್ಕೋತೀನಿ, ಎಲ್ಲೂ ಎದ್ದು ಹೋಗಲ್ಲ. ಪ್ರಾಮಿಸ್." ಅವನಿಗೆ ಎಲ್ಲ ನೆನಪಿದೆ. ಅವನಿಗೆ ಅದು ಇನ್ನೂ ತಮಾಷೆಯೇ.

ನನಗೆ ಏನು ಕೇಳಿಸಿತು, ಮಗು ಏನು ಕಂಡಿತು, ನಾನು ಹೇಳಲಾರೆ. ಓದುವವರಿಗೆ ತಿಳಿದರೆ ತಿಳಿಸಿ. ನಾನು ಮಾಡಿರುವುದು ಇಷ್ಟೇ. ರಾಘುವಿನ ಆ ಕಂದು ಮಫ್ಲರನ್ನು, ಅವನಮ್ಮ ಹೆಣೆದದ್ದನ್ನು, ಮೇಲಟ್ಟದ ಸೂಟ್‌ಕೇಸಿನಲ್ಲಿ ಅನಘಾಳ ಹಳೆಯ ಬಟ್ಟೆಗಳ ಅಡಿಗೆ ಬಚ್ಚಿಟ್ಟಿದ್ದೇನೆ. ಬಿಸಾಡಲು ಆಗಲಿಲ್ಲ. ಬಿಸಾಡಿದರೆ ನಂಬಿದೆ ಎಂದು ಒಪ್ಪಿಕೊಂಡಂತಾಗುತ್ತದೆ.

ಚಳಿ ಶುರುವಾಗಿದೆ. "ನನ್ ಮಫ್ಲರ್ ನೋಡಿದ್ಯೇನೇ?" ಎಂದು ಇವತ್ತು ಬೆಳಿಗ್ಗೆಯೂ ಕೇಳಿದ. ಇಲ್ಲ ಎಂದೆ. ಹೊಸದು ತಂದುಕೊಟ್ಟರೆ ಬೇಡ ಎನ್ನುತ್ತಾನೆ, ಅಮ್ಮ ಹೆಣೆದದ್ದೇ ಬೇಕು. ರಾತ್ರಿಯೆಲ್ಲ ಕೆಮ್ಮಿದ್ದ. ಬರಿಯ ಕೊರಳಿನಲ್ಲೇ ಸೈಕಲ್ ಹತ್ತಿ ಮಂಜಿನೊಳಗೆ ಹೋದ. ನಾನು ಕಿಟಕಿಯಲ್ಲಿ ನಿಂತು, ಕಾಣುವಷ್ಟು ದೂರ ನೋಡಿದೆ.