ದರ್ಜಿ ಮಾವ ಎಳೆದ ಗೆರೆ

ನಮ್ಮ ದರ್ಜಿ ಮಾವ ಸ್ವಂತ ಹೆಂಡತಿಯ ಬಟ್ಟೆಗೂ ಪ್ರತಿ ಸಲ ಹೊಸದಾಗಿ ಅಳತೆ ತೆಗೆಯುವ ಆಸಾಮಿ. ಹಳೆಯ ಅಳತೆ ನಂಬಿದವನು ಕೆಟ್ಟ ಎನ್ನುವುದು ಅವರ ವಾದ. ಮೂವತ್ತು ವರ್ಷ ಮಿಷನ್ನಿನ ಮೇಲೆ ಬಗ್ಗಿ ಬಲಭುಜ ಹಿಡಿದುಕೊಂಡಾಗ, ಅತ್ತೆ ಅವರನ್ನು ಫಿಸಿಯೋಥೆರಪಿಗೆ ಎಳೆದೊಯ್ದರು.

ಅಲ್ಲಿ ಮಾವ ಮೊದಲು ಮಾಡಿದ ಕೆಲಸವೆಂದರೆ, ಗೋಡೆಗೆ ಒತ್ತಿ ನಿಂತು ಬಲಗೈ ಎಟುಕಿದಷ್ಟು ಎತ್ತರಕ್ಕೆ, ತಮ್ಮ ಜೇಬಿನ ಸೀಮೆಸುಣ್ಣವನ್ನು ಎಡಗೈಯಲ್ಲಿ ಹಿಡಿದು ಗೆರೆ ಎಳೆದದ್ದು. "ವಾಸಿಯಾಯ್ತು ಅಂತ ಬರೀ ಬಾಯಲ್ಲಿ ಹೇಳಿದ್ರೆ ನಾನು ಒಪ್ಪಲ್ಲ" ಎಂದರು.

ಥೆರಪಿಸ್ಟ್ ಹುಡುಗಿ ಭುಜ ಬಿಟ್ಟು ಪಕ್ಕೆಯನ್ನು ಒತ್ತತೊಡಗಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆನಾ?" ಮಾವ ಸಿಡುಕಿದರು.

"ಚರ್ಮದ ಕೆಳಗೆ ಮೈಯಿಡೀ ಒಂದು ಪೊರೆ ಇರುತ್ತೆ, ಕೋಟಿನ ಲೈನಿಂಗ್ ಥರ. ಇಲ್ಲಿ ಬಿಗಿದ್ರೆ ಅಲ್ಲಿ ಎಳೆಯುತ್ತೆ" ಎಂದಳು ಅವಳು.

"ಲೈನಿಂಗ್ ವಿಷ್ಯ ನನಗೇ ಹೇಳ್ತೀಯಾ?"

ಅರ್ಧ ಗಂಟೆಯ ನಂತರ ಮಾವ ಮತ್ತೆ ಗೋಡೆಗೆ ನಿಂತು ಕೈ ಎತ್ತಿದರು. ಬೆರಳು ಗೆರೆ ದಾಟಿ ನಾಲ್ಕಂಗುಲ ಮೇಲೆ ಹೋಯಿತು. ಅವರು ಗೆರೆಯನ್ನೂ ಹುಡುಗಿಯನ್ನೂ ದುರುಗುಟ್ಟಿ ನೋಡಿದರು.

"ನಾನು ಬೋರಲು ಮಲಗಿದ್ದಾಗ ಗೆರೆ ಅಳಿಸಿ ಕೆಳಗೆ ಎಳೆದಿದ್ದು ಯಾರು?"

ಅತ್ತೆ ಮಾವನ ಎಡಮುಷ್ಟಿ ಬಿಡಿಸಿದರು. ಸೀಮೆಸುಣ್ಣ ಆಗಿನಿಂದಲೂ ಅಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿ.