ಶುಕ್ರವಾರ ಆಚೆ ಕೊಡದ ಪಾಸ್‌ಪೋರ್ಟು

ಆ ದಂಪತಿಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ವಾಷಿಂಗ್ಟನ್ನಿಗೆ ಹತ್ತಿರದ ಶ್ಯಾಂಟಿಲಿಯಲ್ಲಿ ನಮ್ಮ ಬಡಾವಣೆಯ ಇನ್ನೊಂದು ತುದಿಯವರು. ಯಜಮಾನರಿಗೆ ವಾಷಿಂಗ್ಟನ್ನಿನ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ. ಸಂಬಳಕ್ಕೆ ತೆರಿಗೆಯಿಲ್ಲ, ನಮ್ಮ ಹಾಗೆ ವೀಸಾ ಲಾಟರಿಗೆ ಕಾಯಬೇಕಿಲ್ಲ, ಎಲ್ಲಕ್ಕೂ ಮೇಲೆ ‘ಇಮ್ಯುನಿಟಿ’ ಬೇರೆ. ಇಲ್ಲಿನ ಕೋರ್ಟು ಅವರನ್ನು ಮುಟ್ಟುವಂತೆಯೇ ಇಲ್ಲ ಎಂದು ಪಾಟ್‌ಲಕ್ ಊಟಗಳಲ್ಲಿ ನಮ್ಮವರು ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದರು. ಅವರೂ ಅಲ್ಲಗಳೆಯುತ್ತಿರಲಿಲ್ಲ.

ಅಡುಗೆಗೆಂದು ಹಾವೇರಿ ಕಡೆಯ ಒಬ್ಬಾಕೆಯನ್ನು ಕರೆತಂದಿದ್ದರು. ವರಮಹಾಲಕ್ಷ್ಮಿ ಹಬ್ಬದ ಕುಂಕುಮಕ್ಕೆ ಹೋದವಳು ಲೋಟ ಇಡಲು ಅಡುಗೆಮನೆಗೆ ಕಾಲಿಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡಳು.

“ಅಕ್ಕಾರ, ಮಗಳ ಚೊಚ್ಚಲ ಹೆರಿಗಿ ಹತ್ರ ಬಂದೈತ್ರಿ. ಊರಿಗೆ ಹೋಗ್ತೀನಿ ಅಂದ್ರ ಪಾಸ್‌ಪೋರ್ಟ ಕೊಡವಲ್ರು.”

ನನಗೆ ಮೈಯೆಲ್ಲ ಉರಿಯಿತು. ಮನೆಯಾಕೆಯನ್ನು ಅಲ್ಲೇ ಕೇಳಿದೆ. ಅವರು ನಕ್ಕರು.

“ಸೇಫ್ ಆಗಿರ್ಲಿ ಅಂತ ನಾವೇ ಇಟ್ಕೊಂಡಿದೀವಿ. ಇವತ್ತು ಶುಕ್ರವಾರ ಅಲ್ವಾ, ಮನೆಯಿಂದ ಏನೂ ಆಚೆ ಕೊಡಬಾರದು.”

ಶುಕ್ರವಾರ ಲಕ್ಷ್ಮಿ ಹೊರಟುಹೋಗುತ್ತಾಳೆಂದು ನಮ್ಮಮ್ಮ ಮೊಸರಿನ ಹೆಪ್ಪನ್ನೂ ಪಕ್ಕದ ಮನೆಗೆ ಕೊಡುತ್ತಿರಲಿಲ್ಲ, ನಿಜ. ಆದರೆ ಪಾಸ್‌ಪೋರ್ಟು ಯಾವಾಗಿನಿಂದ ಲಕ್ಷ್ಮಿಯಾಯಿತು? ಅದೂ ಇನ್ನೊಬ್ಬಳದು?

ಯಜಮಾನರು ಸೋಫಾದಿಂದಲೇ ದನಿಗೂಡಿಸಿದರು. “ನಮ್ಗೆ ಇಲ್ಲಿನ ರೂಲ್ಸ್ ಅಪ್ಲೈ ಆಗಲ್ಲ. ನೀವ್ಯಾಕೆ ಟೆನ್ಷನ್ ಮಾಡ್ಕೋತೀರಾ?”

ತಾಂಬೂಲ ಹಿಡಿದು ಹೊರಬಂದವಳು ಕಾರಿನಲ್ಲಿ ಕೂತೇ ವಕೀಲೆ ಗೆಳತಿಗೆ ಫೋನ್ ಮಾಡಿದೆ. ಸಂಜೆಯೊಳಗೆ ವಿಚಾರಿಸಿ ತಿಳಿಸಿದಳು: ಅವರ ಹುದ್ದೆಗಿರುವ ರಕ್ಷಣೆ ಸಂಸ್ಥೆಯ ಕೆಲಸಕ್ಕೆ ಮಾತ್ರ, ಅಡುಗೆಮನೆಗಲ್ಲ. ನಾವೆಲ್ಲ ಇಷ್ಟು ದಿನ ಸುಮ್ಮಸುಮ್ಮನೆ ಹೆದರಿಕೊಂಡಿದ್ದೆವು.

ಶನಿವಾರ ಬೆಳಿಗ್ಗೆಯೇ ಹೋಗಿ ಬಾಗಿಲು ತಟ್ಟಿದೆ.

“ಇವತ್ತು ಶುಕ್ರವಾರ ಅಲ್ಲ. ಪಾಸ್‌ಪೋರ್ಟ್ ಕೊಡ್ತೀರೋ, ಪೊಲೀಸ್‌ಗೆ ಕಾಲ್ ಮಾಡ್ಲೋ? ನಿಮ್ಮ ಇಮ್ಯುನಿಟಿ ಆಫೀಸ್ ಕೆಲಸಕ್ಕೆ ಮಾತ್ರ ಅಂತೆ.”

ಯಜಮಾನರು ಹೆಂಡತಿಯತ್ತ ನೋಡಿದರು. ಮನೆಯಾಕೆ ಮಹಡಿ ಹತ್ತಿ ಹೋಗಿ, ಪಾಸ್‌ಪೋರ್ಟನ್ನು ತಂದು ಟೇಬಲ್ಲಿನ ಮೇಲೆ ಎಸೆದರು. ಅಡುಗೆಯಾಕೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಿಡಿಸಿ, ತನ್ನ ಫೋಟೋ ನೋಡಿಕೊಂಡಳು. ಆಮೇಲೆ ಚೀಲ ತಂದು ನನ್ನ ಕಾರು ಹತ್ತಿದಳು.

ಟಿಕೆಟ್ ಆಗುವವರೆಗೆ ನಮ್ಮಲ್ಲೇ ಇರು ಎಂದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಹೆಮ್ಮೆ. ಮನೆಯೊಳಗೆ ಬಂದು ಕೈ ಚಾಚಿದೆ.

“ಕೊಡಮ್ಮ, ಬೀರುನಲ್ಲಿ ಸೇಫ್ ಆಗಿ ಇಟ್ಟಿರ್ತೀನಿ.”

ಆಕೆ ಹಿಂದೆ ಸರಿದಳು. ನಾನು ಆ ದಂಪತಿಯನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿ, ಪಾಸ್‌ಪೋರ್ಟನ್ನು ರವಿಕೆಯೊಳಗೆ ಸೇರಿಸಿಕೊಂಡಳು.

“ಬ್ಯಾಡ್ರಿ ಅಕ್ಕಾರ. ನನ್ನ ಹಂತೇಕನ ಇರಲಿ.”